ತೇವದ ತಗ್ಗು ಕೋಣೆಯಲ್ಲಿ ದುರಸ್ತಿ ಮೇಜು ಮತ್ತು ದಾಸ್ತಾನು
(ಭಾಷಣದ ಪಾಠ)



ಇಂದು ಪ್ರತಿಯೊಬ್ಬ ಬೇಸಾಯಗಾರನ ಮನೆಯಲ್ಲೂ ಸಣ್ಣಪುಟ್ಟ ಯಂತ್ರೋಪಕರಣಗಳು ಸೇರಿಕೊಂಡಿವೆ. ಔಷಧಿ ಸಿಂಪಡಿಸುವ ಸ್ಪ್ರೇಯರ್, ಪಂಪ್‌ಸೆಟ್ಟಿನ ಬಿಡಿಭಾಗ, ಕಳೆ ಕೊಚ್ಚುವ ಯಂತ್ರ, ಇವುಗಳ ವಾಷರ್ ಸವೆದರೂ ನಾಜಲ್ ಕಟ್ಟಿಕೊಂಡರೂ ಪೇಟೆಗೆ ಓಡಬೇಕಾಗುತ್ತದೆ. ಒಂದು ದಿನದ ಕೆಲಸ ಕೆಡುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ದುರಸ್ತಿ ಮೇಜು ಇಟ್ಟುಕೊಳ್ಳುವುದು ಜಾಣತನ. ಆದರೆ ಆ ಮೇಜಿಗೆ ಸಿಗುವ ಜಾಗ ಯಾವುದು? ಸಾಮಾನ್ಯವಾಗಿ ಬೇರೆ ಯಾವುದಕ್ಕೂ ಬಾರದ, ಬೆಳಕಿಲ್ಲದ, ತಗ್ಗಿನ ಕೋಣೆ. ಗೊಬ್ಬರದ ಚೀಲ, ಕೀಟನಾಶಕದ ಡಬ್ಬಿ, ಸೀಮೆಎಣ್ಣೆ, ಪೆಟ್ರೋಲು ಎಲ್ಲವೂ ಸೇರುವುದು ಅಲ್ಲಿಗೇ. ಆ ಕೋಣೆಯಲ್ಲಿ ತೇವವಿದ್ದರೆ ಕೆಡುವುದು ಉಪಕರಣ ಮಾತ್ರವಲ್ಲ, ಜೀವಕ್ಕೂ ಅಪಾಯ ಒದಗುತ್ತದೆ. ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ತೇವ ಎಲ್ಲಿಂದ ಬರುತ್ತದೆ?

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್ ಮಾತ್ರ. ಅಷ್ಟು ಮಳೆಗೆ ಗೋಡೆ ಇಷ್ಟು ನೆನೆಯಬೇಕಾಗಿಲ್ಲ. ಆದರೆ 1930ರ ದಶಕದಿಂದ ಈ ಸೀಮೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುತ್ತಿದೆ. ಮೊದಲು ಇದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು. ಬತ್ತದ ಗದ್ದೆ, ಕಬ್ಬಿನ ತೋಟಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ನೆಲಕ್ಕೆ ಇಂಗಿ, ತಗ್ಗಿನ ಕಡೆ ಮೇಲಕ್ಕೆ ಬರುತ್ತದೆ. ಜೊತೆಗೆ ಊರಿನ ಬೀದಿಗಳಿಗೆ ಪದೇಪದೇ ಕಾಂಕ್ರೀಟು ಹಾಕಿದ ಕಡೆ ರಸ್ತೆ ಎತ್ತರವಾಗಿ, ಹಳೆಯ ಮನೆಗಳ ಪಾಯ ತಗ್ಗಿಗೆ ಬಿದ್ದಿದೆ. ಇಳಿಜಾರಿನಲ್ಲಿ ಕಟ್ಟಿದ ಹೊಸ ಮನೆಗಳ ನೆಲಮಾಳಿಗೆಯ ಕಥೆಯೂ ಇದೇ.

ತೇವ ಎರಡು ಬಗೆ. ಒಂದು, ನೆಲ ಗೋಡೆಗಳಿಂದ ಒಸರುವ ತೇವ. ಇನ್ನೊಂದು, ಗಾಳಿಯಲ್ಲಿರುವ ನೀರಿನ ಆವಿ ತಣ್ಣಗಿನ ಗೋಡೆಗೆ ತಾಗಿ ಹನಿಗಟ್ಟುವ ತೇವ. ಎರಡಕ್ಕೂ ಪರಿಹಾರ ಬೇರೆ ಬೇರೆ. ಆದ್ದರಿಂದ ಖರ್ಚು ಮಾಡುವ ಮುನ್ನ ಒಂದು ಸುಲಭ ಪರೀಕ್ಷೆ ಮಾಡಬೇಕು. ಒಂದು ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಒಂದೆರಡು ದಿನ ಬಿಡಬೇಕು. ನೆಲಕ್ಕೂ ಹೀಗೆಯೇ ಇನ್ನೊಂದು ಹಾಳೆ ಅಂಟಿಸಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಹನಿ ಕಂಡರೆ ಅದು ಗಾಳಿಯ ತೇವ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಹುಡಿ ಉದುರುತ್ತಿದ್ದರೆ ನೆಲದ ನೀರು ಏರುತ್ತಿದೆ ಎಂದು ತಿಳಿಯಬಹುದು.

ಹಗೇವಿನಿಂದ ಕಲಿಯುವ ಪಾಠ

ನೆಲದೊಳಗೆ ವಸ್ತು ಕಾಪಾಡುವುದು ನಮ್ಮ ಹಿರಿಯರಿಗೆ ಹೊಸದಲ್ಲ. ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಆದರೆ ಅವರು ಹಗೇವು ತೋಡುತ್ತಿದ್ದುದು ನೀರು ನಿಲ್ಲದ ದಿಣ್ಣೆಯ ಗಟ್ಟಿ ನೆಲದಲ್ಲಿ. ಒಳಗೆ ಹುಲ್ಲಿನ ಹೊದಿಕೆ ಕೊಟ್ಟು, ಬಾಯಿಗೆ ಮಣ್ಣು ಮೆತ್ತಿ ನೀರು ಗಾಳಿ ಎರಡನ್ನೂ ತಡೆಯುತ್ತಿದ್ದರು. ಅಂತರ್ಜಲ ಮೇಲಿರುವ ತಗ್ಗಿನಲ್ಲಿ ಹಗೇವು ನಿಲ್ಲಲಾರದು. ಜಾಗ ಮೊದಲು, ದಾಸ್ತಾನು ಆಮೇಲೆ ಎಂಬುದೇ ಅದರ ಪಾಠ.

ಇನ್ನೊಂದು ಪಾಠವೂ ಉಂಟು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ ಇಳಿಯುತ್ತಿದ್ದರು. ತಗ್ಗಿನಲ್ಲಿ ಭಾರವಾದ ಅನಿಲ ನಿಲ್ಲುತ್ತದೆಂಬ ಅರಿವು ಅವರಿಗಿತ್ತು. ಪೆಟ್ರೋಲಿನ ಆವಿಯೂ ಗಾಳಿಗಿಂತ ಭಾರ. ತಗ್ಗು ಕೋಣೆಯ ನೆಲದಲ್ಲಿ ಅದು ಹರಡಿ ನಿಂತಿದ್ದರೆ ಒಂದು ಬೆಂಕಿಕಡ್ಡಿ ಅಥವಾ ಸ್ವಿಚ್ಚಿನ ಕಿಡಿ ಸಾಕು. ಆದ್ದರಿಂದ ಇಂಥ ಕೋಣೆಯಲ್ಲಿ ದೀಪ ಹಚ್ಚಿ ಪರೀಕ್ಷಿಸುವುದೂ ಸಲ್ಲದು. ಪೆಟ್ರೋಲನ್ನು ಅಲ್ಲಿ ಇಡದಿರುವುದೇ ಸರಿಯಾದ ದಾರಿ. ಪೆಟ್ರೋಲ್ ಇಂಜಿನನ್ನು ಒಳಗೆ ಚಾಲೂ ಮಾಡಿ ನೋಡುವುದಂತೂ ಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮನುಷ್ಯ ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ.

ನೀರಿಗೆ ತಡೆ

1. ಮನೆಯ ಸುತ್ತ ಚರಂಡಿ ತೆಗೆದು, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಬೇಕು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳಬಾರದು. ಬಚ್ಚಲ ನೀರು, ದನ ತೊಳೆದ ನೀರು ಅಲ್ಲಿ ನಿಲ್ಲಬಾರದು. ಬಹಳಷ್ಟು ಮನೆಗಳಲ್ಲಿ ಇಷ್ಟರಿಂದಲೇ ಅರ್ಧ ತೇವ ಇಳಿಯುತ್ತದೆ.

2. ಗೋಡೆಗೆ ಒರಗಿಸಿದ ತಿಪ್ಪೆ, ಸೌದೆ, ಮಣ್ಣಿನ ರಾಶಿಯನ್ನು ತೆಗೆಯಬೇಕು.

3. ಹಳೆಯ ಮಣ್ಣಿನ ಅಥವಾ ಕಲ್ಲಿನ ಗೋಡೆಗೆ ಒಳಗಡೆ ಸಿಮೆಂಟ್ ಗಿಲಾವು ಮಾಡಿದರೆ ತೇವ ಹೋಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಇನ್ನಷ್ಟು ಮೇಲಕ್ಕೆ ಏರುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಹೊಂದುತ್ತದೆ.

4. ಕಿಟಕಿ ಯಾವಾಗಲೂ ತೆರೆದಿರಬೇಕೆಂಬುದು ತಪ್ಪು ತಿಳುವಳಿಕೆ. ಮಳೆಗಾಲದ ಬೆಚ್ಚಗಿನ ಒದ್ದೆ ಗಾಳಿ ತಗ್ಗಿನ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಬಿಸಿಲಿರುವ ಒಣ ಹೊತ್ತಿನಲ್ಲಿ ತೆರೆದು, ಮಳೆ ಹಿಡಿದಾಗ ಮುಚ್ಚುವುದು ಮೇಲು. ಗಾಳಿಯ ತೇವ ತೋರಿಸುವ ಸಣ್ಣ ಮಾಪಕಗಳು ಈಗ ಪೇಟೆಯಲ್ಲಿ ಸಿಗುತ್ತವೆ. ತೇವಾಂಶ ಶೇಕಡ 60ಕ್ಕಿಂತ ಕೆಳಗಿದ್ದರೆ ಕಬ್ಬಿಣಕ್ಕೆ ತುಕ್ಕಿನ ಭಯ ಕಡಿಮೆ.

ಇಷ್ಟೆಲ್ಲಾ ಮಾಡಿದ ಮೇಲೂ ನೆಲದಲ್ಲಿ ನೀರು ಜಿನುಗುತ್ತಿದ್ದರೆ ಆ ಕೋಣೆಯ ಆಸೆ ಬಿಡಬೇಕು. ಹಿತ್ತಿಲಲ್ಲಿ ಎತ್ತರದ ಕಟ್ಟೆಯ ಮೇಲೆ ಹಾಕಿದ ತಗಡಿನ ಚಪ್ಪರ ಅದಕ್ಕಿಂತ ಸಾವಿರ ಪಾಲು ವಾಸಿ.

ಮೇಜಿನ ರಚನೆ

ಮೇಜಿನ ಎತ್ತರ ನಿಂತು ಕೆಲಸ ಮಾಡುವವರ ಸೊಂಟದ ಮಟ್ಟಕ್ಕಿರಬೇಕು. ಸುಮಾರು 3 ಅಡಿ. ಹಲಗೆ 2 ಅಂಗುಲ ದಪ್ಪವಿದ್ದರೆ ವೈಸ್ ಕೂರಿಸಿದಾಗ ಅಲುಗುವುದಿಲ್ಲ. ಕಾಲುಗಳನ್ನು ನೇರವಾಗಿ ನೆಲಕ್ಕೆ ಊರದೆ, ಕಲ್ಲಿನ ಅಥವಾ ಇಟ್ಟಿಗೆಯ ಮೇಲೆ ನಿಲ್ಲಿಸಿ, ಬುಡಕ್ಕೆ ಟಾರು ಬಳಿಯಬೇಕು. ಮೇಜಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡುವುದು ಅವಶ್ಯ. ಗಾಳಿಯಾಡಿದರೆ ಬೂಷ್ಟು ಹಿಡಿಯುವುದಿಲ್ಲ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಸ್ಪ್ಯಾನರ್, ತಿರುಪುಳಿ, ಇಕ್ಕಳ, ಅರ ಮುಂತಾದವನ್ನು ಕೆಲಸ ಮುಗಿದ ಮೇಲೆ ಒರೆಸಿ, ಎಣ್ಣೆಬಟ್ಟೆಯಿಂದ ತೆಳುವಾಗಿ ಸವರಿ ಇಡಬೇಕು. ಬೇರಿಂಗ್, ವಾಲ್ವ್‌ನಂಥ ನಾಜೂಕಾದ ಭಾಗಗಳನ್ನು ಭದ್ರವಾಗಿ ಮುಚ್ಚುವ ಡಬ್ಬಿಯಲ್ಲಿಡಬೇಕು. ದೊಡ್ಡ ಪೆಟ್ಟಿಗೆಯಾದರೆ ಅದರೊಳಗೆ ಒಂದು ಬಟ್ಟಲು ಸುಟ್ಟ ಸುಣ್ಣ ಇಟ್ಟರೆ ಅದು ತೇವವನ್ನು ಹೀರುತ್ತದೆ. 1 ಕಿಲೋ ಸುಣ್ಣ ಸುಮಾರು 300 ಗ್ರಾಂ ನೀರನ್ನು ಹಿಡಿಯಬಲ್ಲದು. ಅದು ಅರಳಿ ಉಬ್ಬುವುದರಿಂದ ಬಟ್ಟಲನ್ನು ಅರ್ಧ ಮಾತ್ರ ತುಂಬಬೇಕು. ಪುಡಿಯಾದ ಮೇಲೆ ಬದಲಾಯಿಸಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಮಕ್ಕಳ ಕೈಗೆ ಸಿಗಬಾರದು.

ಸ್ಪ್ರೇಯರನ್ನು ತೊಳೆಯದೆ ಮೇಜಿನ ಮೇಲೆ ತರಬಾರದು. ಹೊಲದಲ್ಲೇ ಮೂರು ಬಾರಿ ನೀರು ಹಾಕಿ ಜಾಲಿಸಿ ತರಬೇಕು. ಆ ನೀರು ಬಾವಿ, ಕಟ್ಟೆ, ಕಾಲುವೆಗೆ ಸೇರಬಾರದು. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಿ ಬಿಡಿಸುವ ಅಭ್ಯಾಸ ಇಂದಿಗೂ ಕಾಣುತ್ತದೆ. ಇದು ವಿಷವನ್ನು ತುಟಿಗೆ ಹಚ್ಚಿಕೊಂಡಂತೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಒಂದು ಲೋಟ ನೀರು ಈ ಕೆಲಸಕ್ಕೆ ಸಾಕು.

ಒಂದೇ ಕೋಣೆಯಲ್ಲಿ ಇಡಬಾರದವು

ತೇವ ಮೊಟ್ಟಮೊದಲು ತಿನ್ನುವುದು ಕಬ್ಬಿಣವನ್ನಲ್ಲ, ಡಬ್ಬಿಯ ಮೇಲಿನ ಚೀಟಿಯನ್ನು. ಎರಡು ಮಳೆಗಾಲ ಕಳೆದರೆ ಕೀಟನಾಶಕದ ಬಾಟಲಿಯ ಚೀಟಿ ಬೂಷ್ಟು ಹಿಡಿದು ಕಳಚಿ ಬೀಳುತ್ತದೆ. ಆಮೇಲೆ ಆ ಬಾಟಲಿ ಯಾವುದು, ಎಷ್ಟು ವಿಷ, ಎಂದಿನದು ಎಂದು ಮನೆಯವರಿಗೂ ತಿಳಿಯದು, ಆಸ್ಪತ್ರೆಯ ವೈದ್ಯರಿಗೂ ತಿಳಿಯದು. ಚೀಟಿಯಲ್ಲಿರುವ ವಜ್ರಾಕಾರದ ಗುರುತಿನ ಕೆಳಭಾಗದ ಬಣ್ಣವೇ ವಿಷದ ಮಟ್ಟ ಹೇಳುತ್ತದೆ. ಕೆಂಪು ಅತ್ಯಂತ ವಿಷ, ನಂತರ ಹಳದಿ, ನೀಲಿ, ಹಸಿರು. ವಿಷ ಏರಿದವರನ್ನು ಆಸ್ಪತ್ರೆಗೆ ಒಯ್ಯುವಾಗ ಆ ಚೀಟಿಯನ್ನೋ ಡಬ್ಬಿಯನ್ನೋ ಜೊತೆಗೆ ಒಯ್ದರೆ ಚಿಕಿತ್ಸೆ ಬೇಗ ಆರಂಭವಾಗುತ್ತದೆ. ಚೀಟಿಯೇ ಇಲ್ಲದಿದ್ದರೆ ಅಮೂಲ್ಯ ಗಳಿಗೆಗಳು ಹಾಳಾಗುತ್ತವೆ.

ಆದ್ದರಿಂದ ಕೀಟನಾಶಕಗಳಿಗೆ ಬೇರೆಯೇ ಜಾಗ ಬೇಕು. ಒಣಗಿದ, ಬೀಗವಿರುವ, ಎತ್ತರದ ಗೂಡು ಒಳ್ಳೆಯದು. ಮೂಲ ಡಬ್ಬಿಯಿಂದ ಬೇರೆ ಬಾಟಲಿಗೆ, ಅದರಲ್ಲೂ ಸೋಡಾ ಅಥವಾ ಎಣ್ಣೆಯ ಬಾಟಲಿಗೆ, ಎಂದೂ ಸುರಿಯಬಾರದು. ಚೀಟಿಯ ಮೇಲೆ ಪಾರದರ್ಶಕ ಅಂಟುಪಟ್ಟಿ ಹಚ್ಚಿದರೆ ಅದು ಬಾಳುತ್ತದೆ. ಒಂದು ಬೆಳೆಗೆ ಬೇಕಾದಷ್ಟೇ ಕೊಂಡರೆ ಮುಂದಿನ ಮಳೆಗಾಲದ ಚಿಂತೆಯೇ ಇಲ್ಲ.

ರೇಷ್ಮೆ ಸಾಕುವ ಮನೆಗಳಲ್ಲಿ ಬ್ಲೀಚಿಂಗ್ ಪುಡಿ ಇದ್ದೇ ಇರುತ್ತದೆ. ತೇವ ತಗುಲಿದರೆ ಅದರ ಕ್ಲೋರಿನ್ ಹಾರಿಹೋಗುತ್ತದೆ. ಹಾರಿದ ಕ್ಲೋರಿನ್ ಮೇಜಿನ ಮೇಲಿನ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಸುತ್ತದೆ. ಸತ್ವ ಕಳೆದ ಪುಡಿಯಿಂದ ಹುಳುಮನೆಯ ಸೋಂಕೂ ಹೋಗುವುದಿಲ್ಲ, ಬೆಳೆ ಕೈಕೊಡುತ್ತದೆ. ಅದು ಅಮೋನಿಯಾ ಇರುವ ಗೊಬ್ಬರದೊಡನೆ ಬೆರೆತರೆ ವಿಷಾನಿಲ ಏಳುತ್ತದೆ, ಎಣ್ಣೆಯೊಡನೆ ಸೇರಿದರೆ ಬೆಂಕಿ ಹತ್ತುವ ಸಂಭವವುಂಟು. ಭದ್ರವಾಗಿ ಮುಚ್ಚಿ ದೂರವಿಡುವುದೇ ಸರಿ.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಣ ಕಾಡಂಚಿನಲ್ಲಿ ಕಾಡುಪ್ರಾಣಿಗಳ ಕಾಟವಿದೆ. ಇಂಥ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಕೋವಿ ಇಟ್ಟುಕೊಂಡವರು ಅದನ್ನೂ ತೋಟಾಗಳನ್ನೂ ಈ ಕೋಣೆಗೆ ತರಬಾರದು. ಎರಡನ್ನೂ ಬೇರೆ ಬೇರೆಯಾಗಿ, ಒಣ ಜಾಗದಲ್ಲಿ, ಬೀಗದೊಳಗೆ ಇಡಬೇಕು. ತೇವ ತಗುಲಿದ ತೋಟಾವನ್ನು ಬಿಸಿಲಿಗೋ ಒಲೆಯ ಬಳಿಗೋ ಇಟ್ಟು ಒಣಗಿಸುವುದು, ಬಿಚ್ಚುವುದು, ಹಳೆಯ ತೋಟಾಕ್ಕೆ ಮದ್ದು ತುಂಬುವುದು ಕೈ ಕಣ್ಣು ಕಳೆದುಕೊಳ್ಳುವ ಕೆಲಸ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧವೂ ಹೌದು. ಕೆಟ್ಟ ತೋಟಾಗಳ ಬಗ್ಗೆ ಪೊಲೀಸ್ ಠಾಣೆಯಲ್ಲಿ ತಿಳಿಸಿ, ಅಲ್ಲಿ ಹೇಳಿದಂತೆ ನಡೆಯಬೇಕು. ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲಲು ಅನುಮತಿ ಸಿಕ್ಕಿತೆಂದು ಭಾವಿಸಲೂಬಾರದು.

ಗೊಬ್ಬರದ ಚೀಲಗಳು

ಗಾಳಿಯ ತೇವಾಂಶ ಶೇಕಡ 73ರ ಸುಮಾರು ದಾಟಿದರೆ ಯೂರಿಯಾ ನೀರು ಹೀರಿ ಕರಗತೊಡಗುತ್ತದೆ. ಪೊಟ್ಯಾಷ್ ಗೊಬ್ಬರ ಶೇಕಡ 84ರವರೆಗೆ ತಡೆಯುತ್ತದೆ. ಎರಡನ್ನೂ ಬೆರೆಸಿ ಇಟ್ಟರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಆದ್ದರಿಂದ ಬಿತ್ತುವ ದಿನವಷ್ಟೇ ಬೆರೆಸಬೇಕು. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ ಜೋಡಿಸಬೇಕು. ಬಿಚ್ಚಿದ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಬೇಕು. ಬೆಲ್ಲ, ಬಿತ್ತನೆ ಬೀಜ, ದನದ ಹಿಂಡಿ ಇವುಗಳಿಗೆ ಗೊಬ್ಬರದ ಕೋಣೆಯಲ್ಲಿ ಜಾಗವಿಲ್ಲ.

ವಿದ್ಯುತ್

ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಕರೆಂಟಿನ ಉಪಕರಣ ಹಿಡಿಯುವುದು ಸಾವನ್ನು ಕರೆದಂತೆ. ಸ್ವಿಚ್ಚು ಬಾಗಿಲ ಹೊರಗಿರಲಿ. ಸರಿಯಾದ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೆ ತಾನಾಗಿ ಕಡಿಯುವ ಸಾಧನ ಹಾಕಿಸಬೇಕು. ಮೇಜಿನ ಮುಂದೆ ಒಣ ಹಲಗೆ ಅಥವಾ ರಬ್ಬರ್ ಚಾಪೆ ಹಾಸಿ, ಚಪ್ಪಲಿ ಮೆಟ್ಟಿ ಕೆಲಸ ಮಾಡಬೇಕು.

ಕೊನೆಯದಾಗಿ

ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರಿನ ದೊಡ್ಡ ಮಳೆ ಕಳೆದ ಮೇಲೆ ನವೆಂಬರಿನಲ್ಲಿ ಒಮ್ಮೆ ಕೋಣೆಯ ಸಾಮಾನೆಲ್ಲ ಹೊರಗೆ ತೆಗೆದು ನೋಡಬೇಕು. ಚರಂಡಿ ಕಟ್ಟಿದೆಯೇ, ಯಾವ ಡಬ್ಬಿ ಸೋರುತ್ತಿದೆ, ಯಾವುದರ ಚೀಟಿ ಹೋಗಿದೆ ಎಂದು ಪರಿಶೀಲಿಸಬೇಕು. ಹೆಸರು ತಿಳಿಯದ ಔಷಧಿಯನ್ನು ಊಹೆಯ ಮೇಲೆ ಬಳಸಬಾರದು, ನಾಲೆಗೆ ಸುರಿಯಲೂಬಾರದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಸಲಹೆ ಪಡೆಯಬಹುದು. ವಿಷಬಾಧೆಯ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ನಾಲೆಯ ನೀರು ಈ ಸೀಮೆಗೆ ಅನ್ನ ಕೊಟ್ಟಿದೆ. ಅದೇ ನೀರು ಮನೆಯ ಪಾಯಕ್ಕೆ ಬರದಂತೆ ನೋಡಿಕೊಳ್ಳುವುದು ಮನೆಯ ಯಜಮಾನನ ಹೊಣೆ. ಮೊದಲು ಚರಂಡಿ, ಆಮೇಲೆ ಮೇಜು. ವಿಷಕ್ಕೆ ಬೇರೆ ಬೀಗ, ಪ್ರತಿ ಡಬ್ಬಿಗೂ ಓದಲು ಬರುವ ಚೀಟಿ. ಇಷ್ಟನ್ನು ಪಾಲಿಸಿದರೆ ದುರಸ್ತಿಯ ಹಣ ಉಳಿಯುತ್ತದೆ, ಮನೆಮಂದಿಯೂ ಕ್ಷೇಮವಾಗಿರುತ್ತಾರೆ.