ಸಂತೆಗೆ ಹೊಡೆಯೋ ಮುಂಚೆ ಆಡಿನ ಮೂಗು ನೋಡ್ರಿ

ಜನವಾಡ, ಭಾಲ್ಕಿ, ಔರಾದ್ ಕಡೆಯ ಹುಡುಗರು ಆಡು ಸಾಕ್ತೀವಿ ಅಂದಾಗ ಕೇಳೋ ಮೊದಲ ಪ್ರಶ್ನೆ, 'ಲೈಸೆನ್ಸ್ ಬೇಕಾ?' ಹಳ್ಳಿ ಹಿತ್ತಲಲ್ಲಿ ನಾಲ್ಕು ಆಡು ಕಟ್ಟಿದ್ರೆ ಯಾರೂ ಲೈಸೆನ್ಸ್ ಕೇಳಲ್ಲ. ಬೀದರ್ ನಗರದೊಳಗೆ ಶೆಡ್ ಹಾಕೋರು ನಗರಾಡಳಿತದ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಕಾನೂನು ನಿಜವಾಗಿ ಅಡ್ಡ ಬರೋದು ಆಡು ಕಾಯಿಲೆ ಬಿದ್ದ ದಿನ.

ಜೋರು ಜ್ವರ, ಮೂಗು-ಕಣ್ಣಲ್ಲಿ ಸೋರಿಕೆ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಇದು ಪಿಪಿಆರ್, ಅಂದ್ರೆ ಹಿರೇಬೇನೆ ಇರಬಹುದು. ಆಗ ಮನೆಯಲ್ಲಿ ಬರೋ ಮಾತು ಗೊತ್ತಲ್ಲ: 'ಸಾಯೋ ಮುಂಚೆ ಸಂತೆಗೆ ಹೊಡೆದುಬಿಡು, ಅರ್ಧ ರೊಕ್ಕ ಆದ್ರೂ ಬರ್ತದ.' ಬಿಕಾಂ ಓದಿದವನಿಗೆ ಆ ಲೆಕ್ಕ ಅರ್ಥ ಆಗುತ್ತೆ. ಆದ್ರೆ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕೇಂದ್ರದ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿರೋ ರೋಗ ಅಂತ ಅನುಮಾನ ಬಂದ್ರೆ ಮಾಲೀಕರೇ ಪಂಚಾಯ್ತಿಗೆ ತಿಳಿಸಬೇಕು, ಆ ಆಡನ್ನ ಬೇರೆ ಕಟ್ಟಬೇಕು. ರೋಗ ಗೊತ್ತಿದ್ದೂ ಸಂತೆಗೆ ಒಯ್ಯೋದು ನಿಷಿದ್ಧ. ನೀವು ಮಾರಿದ ಆಡು ಇನ್ನೊಬ್ಬರ ಇಡೀ ಹಿಂಡಿಗೆ ರೋಗ ಹತ್ತಿಸುತ್ತೆ, ನೋಡಿ. ಮನುಷ್ಯರಿಗೆ ಮಾತ್ರ ಪಿಪಿಆರ್ ಬರಲ್ಲ.

ಇದಕ್ಕೆ ಔಷಧಿಗಿಂತ ಲಸಿಕೆ ಅಗ್ಗ. ಮರಿಗೆ ನಾಲ್ಕು ತಿಂಗಳಾದ ಮೇಲೆ ಒಮ್ಮೆ ಹಾಕಿಸಿದ್ರೆ ಸುಮಾರು ಮೂರು ವರ್ಷ ರಕ್ಷಣೆ. ಕಾಯಿಲೆ ಶುರುವಾದ ಮೇಲೆ ಹಾಕಿಸಿ ಪ್ರಯೋಜನ ಇಲ್ಲ. ಕರುಳುಬೇನೆ ಲಸಿಕೆ ಬೇರೆ, ಅದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ. ಜಂತು ಔಷಧಿ ಎಷ್ಟು ಅನ್ನೋದು ಆಡಿನ ತೂಕದ ಮೇಲೆ, ಅಂದಾಜಲ್ಲಿ ಕುಡಿಸಬೇಡಿ. ಹುಟ್ಟಿದ ಮರಿಗೆ ಮೊದಲ ಒಂದೆರಡು ಗಂಟೆಯಲ್ಲೇ ಗಿಣ್ಣದ ಹಾಲು ಕುಡಿಸಿ, ಹೊಕ್ಕಳಿಗೆ ಅಯೋಡಿನ್ ಹಚ್ಚಿ.

ನಮ್ಮದು ಜೋಳದ ಸೀಮೆ, ಅದಕ್ಕೇ ಇನ್ನೊಂದು ಮಾತು. ಎಳೆ ಜೋಳ, ಕೊಯ್ದ ಮೇಲೆ ಚಿಗುರೋ ಕೂಳೆ, ಮಳೆ ಇಲ್ಲದೆ ಬಾಡಿದ ಬೆಳೆ, ಇವುಗಳಲ್ಲಿ ಸಯನೈಡ್ ವಿಷ ಇರಬಹುದು. ಹಸಿದ ಆಡು ನುಗ್ಗಿದ್ರೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ ಬೀಳುತ್ತೆ. ರಾಶಿ ಹೊತ್ತಲ್ಲಿ ಕಾಳು ಮುಕ್ಕಿ ಹೊಟ್ಟೆ ಉಬ್ಬೋದು ಬೇರೆ ಕಥೆ, ಅದಕ್ಕೂ ಡಾಕ್ಟರ್ ಬೇಕು.

ಆಡು ಸತ್ತೇ ಹೋಯ್ತಾ? ಹೂಳೋಕೆ ಅವಸರ ಬೇಡ, ಮೊದಲು ಪಶುವೈದ್ಯರನ್ನ ಕರೆಸಿ. ಆಕಸ್ಮಿಕವಾಗಿ ಸತ್ತ ಕುರಿ-ಆಡಿಗೆ ರಾಜ್ಯದ 'ಅನುಗ್ರಹ' ಯೋಜನೆಯಲ್ಲಿ ಪರಿಹಾರ ಇದೆ. 2025ರ ಬಜೆಟ್‌ನಲ್ಲಿ ಅದನ್ನ 5,000 ರೂಪಾಯಿಯಿಂದ 7,500ಕ್ಕೆ ಏರಿಸ್ತೀವಿ ಅಂದಿದ್ದಾರೆ. ಅವರು ನೋಡಿ ಬರೆದುಕೊಡೋ ಮರಣೋತ್ತರ ವರದಿ ಇಲ್ಲದಿದ್ರೆ ಅರ್ಜಿ ನಿಲ್ಲಲ್ಲ.

ಬಕ್ರೀದ್‌ಗೆ ಹೈದರಾಬಾದ್ ಕಡೆ ಒಯ್ಯೋರು ಕೇಳಿ. 1978ರ ಸಾಗಣೆ ನಿಯಮದಂತೆ ಆರು ಗಂಟೆ ಮೀರಿದ ಪ್ರಯಾಣಕ್ಕೆ ಪಶುವೈದ್ಯರ ಆರೋಗ್ಯ ಪತ್ರ ಬೇಕು. ಹತ್ತಿರದ ದಾರಿ ಅಂತ ಬೈಕಿಗೆ ತಲೆಕೆಳಗೆ ಕಟ್ಟಿ ಒಯ್ದರೂ ಅದು ಪ್ರಾಣಿ ಹಿಂಸೆ ಕಾಯ್ದೆಯಲ್ಲಿ ಅಪರಾಧವೇ.

ಪಶು ಆಂಬುಲೆನ್ಸ್ ನಂಬರ್ 1962, ಫೋನ್‌ನಲ್ಲಿ ಈಗಲೇ ಸೇವ್ ಮಾಡ್ಕೊಳ್ಳಿ. ಕರೆ ಮಾಡುವಾಗ ಊರಿನ ಹೆಸರಿನ ಜೊತೆ ಆಡು ಯಾವಾಗಿಂದ ಮೇವು ಬಿಟ್ಟಿದೆ ಅನ್ನೋದನ್ನೂ ಹೇಳ್ರಿ.