ಪರಭಾಷೆಗೆ ಯಾವ ಮೆಟ್ಟಿಲು?



ಮಗುವನ್ನು ಶಾಲೆಗೆ ಸೇರಿಸಲು ಹೋದ ತಂದೆತಾಯಿಗಳು ಕೇಳುವ ಮೊದಲನೆಯ ಪ್ರಶ್ನೆ, "ಇಲ್ಲಿ ಇಂಗ್ಲಿಷು ಉಂಟೆ?" ಎಂಬುದು. "ಎಷ್ಟು ಇಂಗ್ಲಿಷು, ಯಾವ ಮಟ್ಟದ ಇಂಗ್ಲಿಷು ನಮ್ಮ ಮಗುವಿಗೆ ತಕ್ಕುದು?" ಎಂದು ಕೇಳುವವರು ವಿರಳ. ಮೊದಲ ಪ್ರಶ್ನೆಗೆ ಉತ್ತರ ಈಗ ಸುಲಭ. 2007ನೆಯ ಇಸವಿಯಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಒಂದು ಪಾಠವಿಷಯವಾಗಿದೆ. ಅದಕ್ಕೆ ಹಿಂದೆ ಐದನೆಯ ತರಗತಿಯವರೆಗೆ ಕಾಯಬೇಕಾಗಿತ್ತು. ಎರಡನೆಯ ಪ್ರಶ್ನೆಯನ್ನು ಮಾತ್ರ ಪ್ರತಿಯೊಂದು ಮನೆಯವರೂ ತಾವೇ ಯೋಚಿಸಬೇಕು. ಅದನ್ನು ಶಿಕಾರಿಪುರ, ಸೊರಬ ಈ ಎರಡು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಪರಿಶೀಲಿಸೋಣ. ಏಕೆಂದರೆ ರಾಜಧಾನಿಯ ಮಗುವಿಗೆ ಸಲ್ಲುವ ಮಾತು ಅಲ್ಲಿಯ ಮಗುವಿಗೆ ಹಾಗೆಯೇ ಸಲ್ಲುವುದಿಲ್ಲ. ಆನವಟ್ಟಿಯ ಅಂಗಡಿಬೀದಿಯಲ್ಲಿ, ಶಿರಾಳಕೊಪ್ಪದ ಬಸ್ಸು ನಿಲ್ದಾಣದಲ್ಲಿ ಇಂಗ್ಲಿಷು ಹಲಗೆಗಳ ಮೇಲೆ ಕಣ್ಣಿಗೆ ಬೀಳುತ್ತದೆ. ಜನರ ಬಾಯಿಂದ ಕಿವಿಗೆ ಬೀಳುವುದು ಬಹು ಕಡಮೆ.

ನಮ್ಮ ಎಸ್.ಎಸ್.ಎಲ್.ಸಿ. ವ್ಯವಸ್ಥೆಯಲ್ಲಿ ಭಾಷೆಗಳಿಗೆ ಪ್ರಥಮ, ದ್ವಿತೀಯ, ತೃತೀಯ ಎಂದು ಮೂರು ಸ್ಥಾನಗಳಿವೆ. ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ ಭಾಷೆಗೆ 100. ಕನ್ನಡ ಮಾಧ್ಯಮದ ವಿದ್ಯಾರ್ಥಿ ಸಾಮಾನ್ಯವಾಗಿ ಕನ್ನಡವನ್ನು ಪ್ರಥಮವಾಗಿಯೂ ಇಂಗ್ಲಿಷನ್ನು ದ್ವಿತೀಯವಾಗಿಯೂ ಓದುತ್ತಾನೆ. ಇಂಗ್ಲಿಷು ಮಾಧ್ಯಮದಲ್ಲಿ ಬಹಳ ಕಡೆ ಇದು ತಿರುಗುಮುರುಗಾಗುತ್ತದೆ. ಹೆಸರನ್ನು ನೋಡಿದರೆ ಇವು ಬರಿಯ ಕ್ರಮಸಂಖ್ಯೆಗಳೆಂದು ತೋರಬಹುದು, ಹಾಗಲ್ಲ. ಪ್ರಥಮ ಭಾಷೆಯ ಪಾಠವು, ಆ ಭಾಷೆ ಮಗುವಿನ ನಾಲಿಗೆಗೆ ಆಗಲೇ ಹತ್ತಿದೆಯೆಂದು ಭಾವಿಸಿಕೊಂಡು ಸಾಹಿತ್ಯದ ಕಡೆಗೆ ಹೆಜ್ಜೆಯಿಡುತ್ತದೆ. ದ್ವಿತೀಯ ಭಾಷೆಯ ಪಾಠವು ಆ ಅಭ್ಯಾಸವನ್ನೇ ಮೊದಲು ಕಟ್ಟಿಕೊಡಬೇಕು. ಒಂದು ಫಲವನ್ನು ಸವಿಯುವ ಕೆಲಸ, ಇನ್ನೊಂದು ಗಿಡವನ್ನು ನೆಡುವ ಕೆಲಸ.

ಈ ಆಯ್ಕೆಯಲ್ಲಿ ಜನ ಎರಡು ರೀತಿಯಲ್ಲಿ ದಾರಿ ತಪ್ಪುತ್ತಾರೆ. ಮೊದಲನೆಯದು ಅಂಕದ ಆಸೆ. ಹಿಂದೆ ಕನ್ನಡವನ್ನು ಓದದೆ, ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಪರೀಕ್ಷೆಯನ್ನು ಮುಗಿಸಲು ಅವಕಾಶವಿತ್ತು. ಅಂಕಗಳು ಧಾರಾಳವಾಗಿ ಬರುತ್ತವೆಂಬುದೇ ಅನೇಕರಿಗೆ ಅದರ ಆಕರ್ಷಣೆ. ಈ ವಿವಾದದಿಂದಲೇ 1980ರಲ್ಲಿ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ಹುಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಅದು 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ ನಾಡಿನಲ್ಲೆಲ್ಲ ಚಳುವಳಿ ನಡೆಯಿತು. ಎರಡನೆಯದು ಪ್ರತಿಷ್ಠೆಯ ಆಸೆ. ಇಂಗ್ಲಿಷು 'ಪ್ರಥಮ'ವಾದರೆ ಮಗುವೂ ಪ್ರಥಮವಾದೀತೆಂಬ ಭ್ರಮೆ ಇದು. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು. ಹಕ್ಕು ನಮ್ಮದಾಯಿತು, ವಿವೇಚನೆಯ ಹೊರೆಯೂ ಅದರೊಡನೆ ನಮ್ಮ ಮೇಲೆಯೇ ಬಿತ್ತು.

ಅನ್ಯದೇಶದವರು ಈ ಸಮಸ್ಯೆಯನ್ನು ಹೇಗೆ ಎದುರಿಸಿದ್ದಾರೆಂಬುದನ್ನು ನೋಡಬಹುದು. ಇಂಗ್ಲೆಂಡಿನ ಶಾಲೆಗಳಲ್ಲಿ ಫ್ರೆಂಚು, ಜರ್ಮನ್ ಮೊದಲಾದ ಭಾಷೆಗಳ ಜಿ.ಸಿ.ಎಸ್.ಇ. ಪರೀಕ್ಷೆಗೆ ಎರಡು ಮೆಟ್ಟಿಲುಗಳುಂಟು. ಕೆಳಗಿನದರಲ್ಲಿ ಕುಳಿತವನಿಗೆ, ಎಷ್ಟು ಚೆನ್ನಾಗಿ ಬರೆದರೂ, 9ರವರೆಗಿನ ಶ್ರೇಣಿಗಳಲ್ಲಿ 5ಕ್ಕಿಂತ ಮೇಲಿನದು ದೊರೆಯದು. ಮೇಲಿನದರಲ್ಲಿ ಕುಳಿತು ತೀರ ಹಿಂದೆ ಬಿದ್ದವನಿಗೆ ಶ್ರೇಣಿಯೇ ಇಲ್ಲದೆ ಹೋಗಬಹುದು. ಆದುದರಿಂದ ಅಲ್ಲಿ ಉಪಾಧ್ಯಾಯರು ಮಗುವಿನ ಶಕ್ತಿಯನ್ನು ತೂಗಿನೋಡಿ ಮೆಟ್ಟಿಲನ್ನು ನಿಶ್ಚಯಿಸಬೇಕಾಗುತ್ತದೆ. ಯೂರೋಪಿನ ಪರಿಷತ್ತು 2001ರಲ್ಲಿ ಭಾಷಾಜ್ಞಾನವನ್ನು ಆರು ಮಟ್ಟಗಳಾಗಿ ವಿಂಗಡಿಸಿ ಪ್ರಕಟಿಸಿತು. ಅದರ ಕ್ರಮ ಗಮನಿಸತಕ್ಕದ್ದು: ಕಲಿತವನು ಎಷ್ಟು ವರ್ಷ ಓದಿದ ಎಂಬುದನ್ನು ಅದು ಕೇಳುವುದಿಲ್ಲ, ಆ ಭಾಷೆಯಿಂದ ಏನನ್ನು ಮಾಡಬಲ್ಲ ಎಂಬುದನ್ನು ಕೇಳುತ್ತದೆ.

ಪರದೇಶದ ಮಾತೇಕೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನೇ ನೋಡಿ. ಅಲ್ಲಿಯ ಕೋಡಿಯಮಠವು ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನಸ್ಥಾನವಾಗಿತ್ತೆಂದು 1162ರ ಶಾಸನ ಸಾರುತ್ತದೆ. ಅನ್ನವಿಲ್ಲದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದ ಸ್ಥಳವೂ ಅದೇ. ಮನೆಮಾತಲ್ಲದ ಸಂಸ್ಕೃತದ ಅತ್ಯುನ್ನತ ವ್ಯಾಸಂಗ ಹೀಗೆ ಆ ಊರಿನಲ್ಲೇ ನಡೆಯುತ್ತಿತ್ತು. ಆದರೆ ಅದೇ ಶತಮಾನದಲ್ಲಿ, ಅದೇ ಸೀಮೆಯವರಾದ ಅಲ್ಲಮಪ್ರಭುವೂ ಉಡುತಡಿಯ ಅಕ್ಕಮಹಾದೇವಿಯೂ ತಮ್ಮ ಗಹನವಾದ ಅನುಭವವನ್ನು ಹೇಳಿದ್ದು ಕನ್ನಡದಲ್ಲಿ. ಪರಭಾಷೆಗೆ ಎತ್ತರದ ಸ್ಥಾನವಿದ್ದುದರಿಂದ ಮನೆಯ ಮಾತು ಕೆಳಗಿಳಿಯಲಿಲ್ಲ. ಎರಡಕ್ಕೂ ಅದರದರ ಸ್ಥಾನವಿತ್ತು.

ಹಾಗಾದರೆ ಸೊರಬದ ಹಳ್ಳಿಯ ತಂದೆ ಏನನ್ನು ನೋಡಿ ನಿರ್ಧರಿಸಬೇಕು? ಮೂರು ಪರೀಕ್ಷೆಗಳು ಸಾಕೆಂದು ನನಗೆ ತೋರುತ್ತದೆ. ಮೊದಲನೆಯದು: ಮಗು ಹಿಂದೆ ಕಾಣದ ಒಂದು ಇಂಗ್ಲಿಷು ಪುಟವನ್ನು ಓದಿ, ಅದರ ಸಾರವನ್ನು ಕನ್ನಡದಲ್ಲಿ ಹೇಳಬಲ್ಲದೆ? ಗಟ್ಟಿಯಾಗಿ ಓದಿದರೆ ಸಾಲದು. ಅರ್ಥವಾಗದೆ ಸರಾಗವಾಗಿ ಓದುವ ಮಕ್ಕಳು ಬಹಳ. ಎರಡನೆಯದು: ಶಾಲೆಯ ಗಂಟೆ ಬಾರಿಸಿದ ಮೇಲೆ ಆ ಭಾಷೆ ಮಗುವಿಗೆ ಎಲ್ಲಿಯಾದರೂ ದೊರೆಯುತ್ತದೆಯೆ? ಮೂರನೆಯದು: ಆ ಮಟ್ಟದಲ್ಲಿ ಕಲಿಸಬಲ್ಲ ಉಪಾಧ್ಯಾಯರು ಆ ಶಾಲೆಯಲ್ಲಿ ಇದ್ದಾರೆಯೆ? ಹಲಗೆಯ ಮೇಲೆ 'ಇಂಗ್ಲಿಷ್ ಮಾಧ್ಯಮ' ಎಂದು ಬರೆಸಿದ ಮಾತ್ರಕ್ಕೆ ಒಳಗೆ ಪಾಠ ಆ ಭಾಷೆಯಲ್ಲಿ ನಡೆಯುತ್ತದೆಂದು ಹೇಳಲಾಗದು. ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮೇಲಿನ ಮೆಟ್ಟಿಲನ್ನು ಧೈರ್ಯವಾಗಿ ಹತ್ತಿಸಬಹುದು. ಬಾರದಿದ್ದರೆ ದ್ವಿತೀಯ ಭಾಷೆಯಾಗಿ ಭದ್ರವಾಗಿ ಕಲಿಸುವುದೇ ಲೇಸು.

ಆಟದ ಬಯಲಿನಲ್ಲಿ ಆಡುವ ಮಾತು ಎರಡು ವರ್ಷಗಳಲ್ಲಿ ಬಂದೀತು. ಪಾಠಗಳ ವಿಚಾರವನ್ನು ಹಿಡಿಯುವ ಭಾಷೆಗೆ ಐದರಿಂದ ಏಳು ವರ್ಷಗಳಾದರೂ ಬೇಕೆಂದು ಕೆನಡಾ ದೇಶದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿದ್ದಾರೆ. ಅದೂ ಸುತ್ತಲೂ ಆ ಭಾಷೆಯನ್ನೇ ಆಡುವ ದೇಶದಲ್ಲಿ! ಅವಸರಪಟ್ಟರೆ ಆಗುವ ನಷ್ಟ ನಮ್ಮ ಕಾಲೇಜುಗಳಲ್ಲಿ ಕಾಣುತ್ತದೆ. ಪ್ರಥಮ ಭಾಷೆಯಾಗಿ ಇಂಗ್ಲಿಷನ್ನು ಓದಿ ಒಳ್ಳೆಯ ಅಂಕ ಪಡೆದವರಲ್ಲಿ ಕೆಲವರು ಒಂದು ಅರ್ಜಿಯನ್ನು ಸ್ವಂತ ಮಾತುಗಳಲ್ಲಿ ಬರೆಯಲು ತಡವರಿಸುತ್ತಾರೆ. ಕನ್ನಡದಲ್ಲಿ ಬರೆಯಿರೆಂದರೂ ಅದೇ ಗತಿ. ಕಾಯಿಪಾಠವಾದ ಉತ್ತರಗಳು ಪರೀಕ್ಷೆಯ ಮರುದಿನ ಹೊರಟುಹೋದವು. ಮನಸ್ಸು ಯೋಚಿಸಲು ಒಂದು ಭಾಷೆಯೂ ಪೂರ್ತಿಯಾಗಿ ಉಳಿಯಲಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಶಿಕಾರಿಪುರ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಮನೆಮಾತು; ಶಿರಾಳಕೊಪ್ಪದ ಅನೇಕ ಮನೆಗಳಲ್ಲಿ ಉರ್ದು. ಆ ಮಕ್ಕಳಿಗೆ ಕನ್ನಡವೇ ಕಲಿಯಬೇಕಾದ ಎರಡನೆಯ ಭಾಷೆ. ಇಂಗ್ಲಿಷು ಅದರ ಮೇಲಿನದು. 2015ರ ಕಾನೂನು ರಾಜ್ಯದ ಶಾಲೆಗಳಲ್ಲಿ ಕನ್ನಡದ ಕಲಿಕೆಯನ್ನು ಕಡ್ಡಾಯ ಮಾಡಿದೆ. ಆದರೆ ಮನೆಯಲ್ಲಿ ಕನ್ನಡ ಕೇಳಿದ ಮಗುವಿಗೂ ಕೇಳದ ಮಗುವಿಗೂ ಮೊದಲ ದಿನದಿಂದ ಒಂದೇ ಪಾಠವನ್ನು ಹೇಳಿದರೆ ನಾವು ಇಂಗ್ಲಿಷಿನ ವಿಷಯದಲ್ಲಿ ದೂರುವ ಅನ್ಯಾಯವನ್ನೇ ಕನ್ನಡದ ಹೆಸರಿನಲ್ಲಿ ಮಾಡಿದಂತಾಗುತ್ತದೆ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಬೆಳೆಯುವ ಮಗುವಿನ ಹಾಸಿಗೆಯನ್ನು ವರ್ಷವರ್ಷವೂ ಉದ್ದಮಾಡುತ್ತಲೂ ಇರಬೇಕು. ದ್ವಿತೀಯ ಭಾಷೆಯಾಗಿ ಕಲಿತದ್ದು ಕೀಳೆಂದಲ್ಲ; ಅದು ಆರಂಭದ ಮೆಟ್ಟಿಲು. ಅಲ್ಲಿ ಕಾಲೂರಿದ ಹುಡುಗಿ ಮುಂದೆ ಕಾಲೇಜಿನಲ್ಲಿ ಇಂಗ್ಲಿಷು ಸಾಹಿತ್ಯವನ್ನೇ ಓದಬಹುದು. ಈ ಬೇಸಿಗೆಯಲ್ಲಿ ಶಾಲೆಯ ಅರ್ಜಿಯನ್ನು ತುಂಬುವ ಮುನ್ನ ತಂದೆತಾಯಿಗಳು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟವನ್ನು ಓದಿಸಿ, ಅರ್ಥವನ್ನು ಕೇಳಲಿ. ಯಾವ ಮೆಟ್ಟಿಲೆಂಬುದನ್ನು ಮಗುವೇ ತಿಳಿಸುತ್ತದೆ.