ಮನೆಬಾಗಿಲಿಗೆ ಬರುವ ಪ್ರಶ್ನೆಗಳು

(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣದ ಬರಹರೂಪ)



ಮನೆಮನೆಗೆ ಬಂದು ಏಡ್ಸ್ ವಿಷಯ, ಗಂಡ ಹೆಂಡಿರ ವಿಷಯ ಎಲ್ಲ ಕೇಳುತ್ತಾರಂತೆ, ಹೇಳಬೇಕೋ ಬೇಡವೋ ಎಂದು ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಕೇಳುವವರು ಯಾರು, ಏನು ಕೇಳುತ್ತಾರೆ, ಏನನ್ನು ಕೇಳುವುದಿಲ್ಲ ಎಂಬುದನ್ನು ಮೊದಲು ತಿಳಿಯೋಣ.

ಇದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮೊದಲ ಸುತ್ತು ನಡೆದದ್ದು 1992-93ರಲ್ಲಿ. ಕೇಂದ್ರ ಆರೋಗ್ಯ ಇಲಾಖೆಯ ಪರವಾಗಿ ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸುತ್ತದೆ. ಎಲ್ಲ ಮನೆಗೂ ಅವರು ಬರುವುದಿಲ್ಲ. ರೇಷ್ಮೆ ಗೂಡಿನ ರಾಶಿಯಿಂದ ಒಂದು ಹಿಡಿ ತೆಗೆದು ಇಡೀ ರಾಶಿಯ ಗುಣ ನೋಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೇಲಿನ ಚೆಂದದ ಗೂಡನ್ನೇ ಆರಿಸಿದರೆ ಮೋಸ. ಅದಕ್ಕೇ ಆಯ್ದ ಊರಿನ ಎಲ್ಲ ಮನೆಗಳ ಪಟ್ಟಿ ಮಾಡಿ, ಅದರಿಂದ ಲೆಕ್ಕದ ಪ್ರಕಾರ ಮನೆಗಳನ್ನು ಆರಿಸುತ್ತಾರೆ. ನಾಲ್ಕು ಮತ್ತು ಐದನೇ ಸುತ್ತಿನಲ್ಲಿ ಊರಿಗೆ 22 ಮನೆ. ಆರಿಸಿದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬುವಂತಿಲ್ಲ.

ಇದರಿಂದ ಆದ ಉಪಯೋಗ ದೊಡ್ಡದು. ಮೊದಲು ಎಚ್‌ಐವಿ ಲೆಕ್ಕವನ್ನು ಮುಖ್ಯವಾಗಿ ಆಸ್ಪತ್ರೆಗೆ ಬಂದ ಬಸುರಿಯರ ರಕ್ತಪರೀಕ್ಷೆಯಿಂದ ಊಹಿಸುತ್ತಿದ್ದರು. 2005-06ರ ಮೂರನೇ ಸುತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು, ಗಂಡಸರ ಬೆರಳಿನಿಂದ ಕೆಲವು ಹನಿ ರಕ್ತ ತೆಗೆದು ನೋಡಿದರು. ದೇಶದಲ್ಲಿ ಹತ್ತು ಸಾವಿರಕ್ಕೆ 28 ಜನ, ಕರ್ನಾಟಕದಲ್ಲಿ 69 ಜನ ಸೋಂಕಿತರು ಎಂದು ತಿಳಿಯಿತು. 50 ಲಕ್ಷಕ್ಕೂ ಹೆಚ್ಚು ಎನ್ನುತ್ತಿದ್ದ ದೇಶದ ಅಂದಾಜನ್ನು 2007ರಲ್ಲಿ ಸುಮಾರು 25 ಲಕ್ಷಕ್ಕೆ ತಿದ್ದಬೇಕಾಯಿತು. ಆದರೂ ಬೀದಿಯಲ್ಲಿ, ಹಾಸ್ಟೆಲಿನಲ್ಲಿ, ಜೈಲಿನಲ್ಲಿ ಇರುವವರು ಮನೆಮನೆಯ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಆ ರಕ್ತದ ಕಾಗದದ ಮೇಲೆ ಹೆಸರು ಇರಲಿಲ್ಲ, ಬರೀ ಸಂಕೇತ. ಆದ್ದರಿಂದ ಫಲಿತಾಂಶವನ್ನು ಯಾರಿಗೂ ಹೇಳಲಿಲ್ಲ. ತನ್ನ ಸ್ಥಿತಿ ತಿಳಿಯಬೇಕೆಂದವರಿಗೆ ಉಚಿತ ಪರೀಕ್ಷಾ ಕೇಂದ್ರದ ದಾರಿ ತೋರಿಸಿದರು.

ಈಗ ಪ್ರಶ್ನೆಗಳ ವಿಷಯ. ಆ ಪ್ರಶ್ನೆಪಟ್ಟಿಗಳನ್ನು ನಾನು ಓದಿದ್ದೇನೆ. "ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ?" ಎಂದು ನೇರವಾಗಿ ಕೇಳಿದರೆ ನಮ್ಮ ಹೆಂಗಸರು ಏನೆನ್ನುತ್ತಾರೆ? "ಅಂಥದ್ದೇನಿಲ್ಲ ಬಿಡಿ, ಸಿಟ್ಟು ಬಂದಾಗ ಒಂದೇಟು ಹಾಕ್ತಾರೆ ಅಷ್ಟೇ." ಅದಕ್ಕೇ ಅಲ್ಲಿ ಬಿಡಿಸಿ ಕೇಳುತ್ತಾರೆ. ಕೆನ್ನೆಗೆ ಹೊಡೆದಿದ್ದಾರೆಯೇ? ಕೂದಲು ಹಿಡಿದು ಎಳೆದಿದ್ದಾರೆಯೇ? ಒದ್ದಿದ್ದಾರೆಯೇ? ನಿಮಗೆ ಇಷ್ಟವಿಲ್ಲದಾಗ ಬಲವಂತವಾಗಿ ಕೂಡಿದ್ದಾರೆಯೇ? ಹಾಗೆಯೇ ಲೈಂಗಿಕ ರೋಗ ಎಂದರೆ ತಲೆ ತಗ್ಗಿಸುವವಳು ವಾಸನೆಯ ಬಿಳಿಸೆರಗು, ಹುಣ್ಣು ಎಂದರೆ ಬಾಯಿ ಬಿಡುತ್ತಾಳೆ.

ಒಂದು ಕಡೆ, ಗಂಡನಿಗೆ ಲೈಂಗಿಕ ರೋಗವಿದೆ ಎಂದು ತಿಳಿದ ಹೆಂಡತಿ ಕಾಂಡೋಮ್ ಬಳಸು ಎಂದು ಕೇಳುವುದು ಸರಿಯೇ ಎನ್ನುತ್ತಾರೆ. ಇನ್ನೊಂದು ಕಡೆ, ಕೂಡಲು ಒಪ್ಪದ ಹೆಂಡತಿಯನ್ನು ಹೊಡೆಯುವುದು ಸರಿಯೇ ಎನ್ನುತ್ತಾರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಟಿಗೆ ಹೆದರುವವಳು ಕಾಂಡೋಮಿನ ಮಾತು ಎತ್ತುತ್ತಾಳೆಯೇ? ಒಬ್ಬ ಗಂಡನ ಜೊತೆಗೇ ಬಾಳಿದವಳಿಗೂ ಸೋಂಕು ತಗಲುವುದು ಹೀಗೆ.

ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳನ್ನೇ, ಅದೂ ಒಂಟಿಯಾಗಿ ಕೇಳಬೇಕೆಂಬುದು ನಿಯಮ. ಅತ್ತೆ ಬಂದು ಕೂತರೆ ನಿಲ್ಲಿಸಬೇಕು. ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು. ಅವಳು ಹೇಳಿದ್ದು ಗಂಡನ ಕಿವಿಗೆ ಬಿದ್ದರೆ ರಾತ್ರಿ ಅನುಭವಿಸುವವಳು ಅವಳೇ.

ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಕಂಡೆವು ಎಂದವರು 2015-16ರಲ್ಲಿ ನೂರಕ್ಕೆ ಸುಮಾರು 20; ಮುಂದಿನ ಸುತ್ತಿನಲ್ಲಿ 44. ಲಾಕ್‌ಡೌನ್‌ನಿಂದ ಹೀಗಾಯಿತು ಎನ್ನುವಂತಿಲ್ಲ. ನಮ್ಮ ರಾಜ್ಯದಲ್ಲಿ ಆ ಸುತ್ತು ಮುಗಿದದ್ದು 2019ರಲ್ಲೇ. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಕೇಳಿದ ರೀತಿ ಬದಲಾಯಿತೋ, ಆ ಅಂಕಿಯೊಂದೇ ನಮಗೆ ಹೇಳಲಾರದು. ಆದರೆ 20 ಎಂದಾಗ "ನಮ್ಮ ರಾಜ್ಯ ಪರವಾಗಿಲ್ಲ" ಎಂದು ಸಮಾಧಾನಪಟ್ಟುಕೊಳ್ಳುವಂತಿರಲಿಲ್ಲ ಎಂಬುದಂತೂ ನಿಜ.

ನಮ್ಮ ಚಳವಳಿಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. 1998-99ರ ಎರಡನೇ ಸುತ್ತಿನಲ್ಲಿ ಆರು ಕಾರಣಗಳನ್ನು ಓದಿ, ಇದಕ್ಕೆ ಹೆಂಡತಿಯನ್ನು ಹೊಡೆಯಬಹುದೇ ಎಂದು ಕೇಳುತ್ತಿದ್ದರು. ತವರಿನಿಂದ ನಿರೀಕ್ಷಿಸಿದ ಹಣ, ಒಡವೆ ಬರಲಿಲ್ಲ ಎಂಬುದು ಅವುಗಳಲ್ಲಿ ಒಂದು. ಮೂರನೇ ಸುತ್ತಿನಲ್ಲಿ ಕಾರಣಗಳು ಏಳಾದವು. ಎದುರು ವಾದಿಸುವುದು, ಕೂಡಲು ಒಪ್ಪದಿರುವುದು ಸೇರಿದವು. ತವರಿನ ಹಣದ ಪ್ರಶ್ನೆ ಬಿಟ್ಟುಹೋಯಿತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ. ವರದಕ್ಷಿಣೆ ಮಾತ್ರ ಹೋಗಲಿಲ್ಲ, ಪ್ರಶ್ನೆ ಹೋಯಿತು! ಕೇಳದೆ ಇದ್ದದ್ದು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ್ದಕ್ಕೆ ಸರ್ಕಾರ ಹಣ ಇಡುವುದಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ನಾಲ್ಕನೇ ಸುತ್ತಿನಿಂದ ಜಿಲ್ಲಾವಾರು ಅಂಕಿಗಳು ಬಂದವು. ಹೆರಿಗೆ, ಲಸಿಕೆ, ಶೌಚಾಲಯ ಎಲ್ಲ ಇವೆ. ಮನೆಯೊಳಗಿನ ಹಿಂಸೆ ಮತ್ತು ಎಚ್‌ಐವಿ ತಿಳಿವಳಿಕೆಯನ್ನು ಮಾತ್ರ ಆಯ್ದ ಕೆಲವೇ ಮನೆಗಳಲ್ಲಿ ಕೇಳಿದ್ದರಿಂದ ರಾಜ್ಯದ ಮಟ್ಟದ ಅಂಕಿಯಷ್ಟೇ ಸಿಗುತ್ತದೆ. ಮಾಗಡಿಯಲ್ಲಿ ಎಷ್ಟು, ಕನಕಪುರದಲ್ಲಿ ಎಷ್ಟು ಎಂದರೆ ಉತ್ತರವಿಲ್ಲ.

ಹಾಗಾದರೆ ನಾವೇ ಪಟ್ಟಿ ಹಿಡಿದು ಹೊರಡೋಣವೇ? ಬೇಡ. ಕೇಳುವವಳು ಅದೇ ಬೀದಿಯವಳಾದರೆ ಹೇಳಿದವಳ ಗುಟ್ಟು ಉಳಿಯುವುದಿಲ್ಲ. ಕೇಳಿದ ಮೇಲೆ ಕೈಬಿಡುವಂತೆಯೂ ಇಲ್ಲ. ನಾವು ಮಾಡಬಹುದಾದ ಕೆಲಸ ಬೇರೆ ಇದೆ.

ಸಮೀಕ್ಷೆಯವರು ಬಂದಾಗ ಗುರುತಿನ ಚೀಟಿ ಕೇಳಿ. ಒಪ್ಪಿಗೆಯ ಮಾತನ್ನು ಪೂರ್ತಿ ಓದಿಸಿ. ಬೇಡವಾದ ಪ್ರಶ್ನೆಗೆ ಉತ್ತರಿಸದೆ ಇರುವ ಹಕ್ಕು ನಿಮಗಿದೆ. ನೆರೆಮನೆಯವಳ ಸರದಿ ಬಂದಾಗ ಅವಳ ಮಗುವನ್ನು ಎತ್ತಿಕೊಳ್ಳಿ, ಅತ್ತೆಯನ್ನು ಮಾತಿಗೆ ಕರೆಯಿರಿ; ನೀವು ಮಾತ್ರ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಬೇಡಿ. ಸಂಘದ ಪ್ರತಿನಿಧಿಯಾದರೂ ಅಷ್ಟೇ, ಆಶಾ ಕಾರ್ಯಕರ್ತೆಯಾದರೂ ಅಷ್ಟೇ. ಏನು ಕೇಳಿದರು ಎಂದು ಆಮೇಲೆ ನಲ್ಲಿಯ ಹತ್ತಿರ ವಿಚಾರಿಸಬೇಡಿ.

ಸಹಾಯ ಬೇಕೆಂದವಳಿಗೆ ಮಹಿಳಾ ಸಹಾಯವಾಣಿ 181, ಎಚ್‌ಐವಿ ಮಾಹಿತಿಗೆ 1097 ಎಂದು ತಿಳಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇದ್ದಾರೆ; ಆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆಯೂ ಸೇರಿದೆ. ಸೋಂಕಿತರ ಗುಟ್ಟು ಕಾಯಬೇಕೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ.

ಕೊನೆಗೆ ಒಂದು ಬೇಡಿಕೆ. ತವರಿನ ಹಣದ ಪ್ರಶ್ನೆಯನ್ನು ಮತ್ತೆ ಸೇರಿಸಿ, ಹಿಂಸೆಯ ಅಂಕಿಯನ್ನು ಜಿಲ್ಲೆವಾರು ಕೊಡಿ ಎಂದು ಪ್ರತಿ ಸಂಘವೂ ಕೇಂದ್ರ ಆರೋಗ್ಯ ಇಲಾಖೆಗೆ ಕಾಗದ ಬರೆಯಲಿ. ಮುಂದಿನ ತಿಂಗಳ ಸಭೆಯ ನಡಾವಳಿ ಪುಸ್ತಕದಲ್ಲಿ ಇದೇ ಮೊದಲ ಠರಾವಾಗಲಿ.